ಗೆರೆಯಾಚೆಯ ಶನಿವಾರ

ಅಕಾಯ್ತಿ ಮೂರನೇ ಸಲ ತಲೆಯ ಮೇಲಿನ ಗುಂಡಿ ಒತ್ತಿದಳು. ಗಗನಸಖಿ ತೆರೆಯಾಪಿ ಈ ಸಲ ನೀರು ಬೇಕೇ ಎಂದು ಕೇಳಲಿಲ್ಲ. ಗೆರೆ ಇನ್ನೂ ಬಂದಿಲ್ಲ ಅಜ್ಜಿ, ಬಂದಾಗ ನಾನೇ ಓಡಿ ಬರುತ್ತೇನೆ ಎಂದು ದೀಪ ಆರಿಸಿ ಹೋದಳು.

ಅಕಾಯ್ತಿಯ ತೊಡೆಯ ಮೇಲೆ ತಿವಾಯೆವಾಯೆ ಬೆಕ್ಕಿನಂತೆ ಮುದುಡಿ ಮಲಗಿತ್ತು. ಮೂರು ವರ್ಷದ ಕೈಹೊಲಿಗೆಯ ಹೊದಿಕೆ. ಬಿಳಿ ಬಟ್ಟೆಯ ತುಂಬ ಕೆಂಪು ದಾಸವಾಳ. ಎರಡು ಹೂ ಮಾತ್ರ ಇನ್ನೂ ದಾರ ಕಾಣದೆ ಗುಂಡುಸೂಜಿಗೆ ಜೋತುಬಿದ್ದಿದ್ದವು. ರಾರೊಟೊಂಗಾ ದ್ವೀಪದಲ್ಲಿ ಅಲ್ಲಿಯ ಗಡಿಯಾರಕ್ಕೆ ಮಧ್ಯಾಹ್ನ ಎರಡಕ್ಕೆ ಇಳಿಯುವುದು, ಮೂರಕ್ಕೆ ಮೊಮ್ಮಗಳ ಮದುವೆ. ಮದುಮಕ್ಕಳ ಹೆಗಲಿಗೆ ಇದನ್ನು ಹೊದಿಸಬೇಕು. ಅರೆಬರೆ ಹೊದಿಕೆ ಹೊದಿಸಿದ ಅಜ್ಜಿ ಆ ದ್ವೀಪದಲ್ಲಿ ಇನ್ನೂ ಹುಟ್ಟಿರಲಿಲ್ಲ; ಮೊದಲಿಗಳಾಗುವ ಆಸೆ ಅಕಾಯ್ತಿಗೂ ಇರಲಿಲ್ಲ.

ಸೂಜಿ ಕೈಯಲ್ಲೇ ಇತ್ತು. ಆದರೆ ಆಕ್ಲೆಂಡ್ ಬಿಟ್ಟಾಗ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಭಾನುವಾರ ದೇವರ ದಿನ, ಸೂಜಿ ಹಿಡಿಯಬಾರದೆಂದು ಅವಳಮ್ಮ ಬೆರಳಿಗೆ ಬಾರಿಸಿ ಕಲಿಸಿದ್ದಳು. ಮೂರು ಸಾವಿರ ಕಿಲೋಮೀಟರ್, ನಾಲ್ಕು ಗಂಟೆಯ ಹಾರಾಟ. ಅರ್ಧದಾರಿಯಲ್ಲಿ ಭೂಪಟದ ಮೇಲೆ ತಾರೀಕು ಬದಲಾಗುವ ಗೆರೆ, ದಾಟಿದರೆ ಮತ್ತೆ ನಿನ್ನೆಯ ಶನಿವಾರ. ಇನ್ನೊಂದು ಶನಿವಾರ ಸಿಕ್ಕಿತೆಂದು ಹಿಗ್ಗಿ ಟಿಕೆಟ್ ಕೊಂಡವಳಿಗೆ, ಅದರಲ್ಲಿ ಹೊಲಿಯಲು ಉಳಿಯುವುದು ಎರಡೇ ಗಂಟೆ ಎಂದು ಹೊಳೆದದ್ದು ವಿಮಾನ ಏರಿದ ಮೇಲೆ. ಒಂದು ಹೂವಿಗೇ ಒಂದೂವರೆ ಗಂಟೆ ಬೇಕು.

ಪಕ್ಕದಲ್ಲಿ ನಾದಿನಿ ತುವಾಯ್ನೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಈ ಹೂಗಳನ್ನೆಲ್ಲ ಕತ್ತರಿಸಿಕೊಟ್ಟವಳು ಅವಳೇ. ಅವಳಷ್ಟು ಸಣ್ಣ ಹೊಲಿಗೆ ಯಾರ ಕೈಗೂ ಬರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಎರಡು ವರ್ಷದಿಂದ ಸೂಜಿ ಮುಟ್ಟಿಲ್ಲ. ಕೇಳಿದವರಿಗೆ ಬೇಜಾರು ಎನ್ನುತ್ತಿದ್ದಳು.

"ಪೈಲಟ್‌ಗೆ ಸ್ವಲ್ಪ ನಿಧಾನ ಹೋಗಪ್ಪಾ ಅಂತ ಹೇಳೋಣ್ವಾ?" ಎಂದಳು ಅಕಾಯ್ತಿ.

"ಹೇಳು. ಹೋಗ್ತಿರೋದೇ ನಿನ್ನೆಗೆ, ನಿಂಗೇನು ಅವಸರ ಅಂತ ಕೇಳು."

ಹಿಂದಿನ ಸಾಲಿನವರೂ ನಕ್ಕರು. ಅಲ್ಲಿಂದ ಒಬ್ಬಳು ನಾನು ಕೈ ಹಾಕಲೇ ಎಂದಳು. ಮನೆಯ ಹೊದಿಕೆಗೆ ಮನೆಯವರ ಕೈಯೇ ಆಗಬೇಕು ಎಂದು ಅಕಾಯ್ತಿ ತಲೆಯಾಡಿಸಿದಳು.

ತೆರೆಯಾಪಿ ಓಡಿ ಬಂದು ಶನಿವಾರ ಬಂತೆಂದಳು. ಅಕಾಯ್ತಿ ಹೊದಿಕೆ ಬಿಡಿಸಿ ಅರ್ಧವನ್ನು ನಾದಿನಿಯ ಮಡಿಲಿಗೆ ಎಳೆದಳು. ಇನ್ನೊಂದು ಸೂಜಿಗೆ ದಾರ ಪೋಣಿಸಿ ಅವಳ ಕೈಯಲ್ಲಿಟ್ಟಳು. ಬೆಳಕು ಸಾಲದು, ವಿಮಾನ ಅಲ್ಲಾಡುತ್ತಿದೆ ಎಂದು ತುವಾಯ್ನೆ ನೆಪ ಹುಡುಕಿದಳು.

"ಪೊರೆ ಬಂದಿರೋದು ಕಣ್ಣಿಗೆ ತಾನೆ? ಬೆರಳಿಗಲ್ವಲ್ಲ?"

ತುವಾಯ್ನೆ ಕನ್ನಡಕ ತೆಗೆದಿಟ್ಟು, ದಳದ ಅಂಚನ್ನು ಬೆರಳಲ್ಲಿ ಸವರಿ, ಸೂಜಿ ಚುಚ್ಚಿದಳು. ಊಟದ ತಟ್ಟೆಗಳು ಬಂದವು, ಹಾಗೇ ಹೋದವು. ತುವಾಯ್ನೆ ಮೆಲ್ಲಗೆ ಒಂದು ಸ್ತುತಿಗೀತೆ ಎತ್ತಿಕೊಂಡಳು. ಹಿಂದಿನ ಸಾಲು ದನಿ ಕೂಡಿಸಿತು, ಅದರ ಹಿಂದಿನದೂ. ಗಂಡಸರು ಹುಂ, ಹುಂ ಎಂದು ತಾಳ ಕೊಟ್ಟರು. ಚಕ್ರ ನೆಲ ಮುಟ್ಟಿದಾಗ ತುವಾಯ್ನೆ ಕೊನೆಯ ದಾರವನ್ನು ಹಲ್ಲಿನಿಂದ ಕಡಿದಳು.

ಅಕಾಯ್ತಿ ನೋಡಿದಳು. ತನ್ನ ಹೂ ನೆಟ್ಟಗಿತ್ತು. ನಾದಿನಿಯ ಹೊಲಿಗೆ ಮಾತ್ರ ದಾರಿ ತಪ್ಪಿದ ಇರುವೆಸಾಲಿನಂತೆ ಹೂವಿನ ಸುತ್ತ ಅಲೆದಿತ್ತು. ತುವಾಯ್ನೆಯ ಬೆರಳೂ ಅದನ್ನು ಓದಿತು.

"ಅತ್ತಿಗೆ, ಕಣ್ಣಿನ ಆಪರೇಷನ್ ಮಾಡಿಸ್ಕೊಂಡ್ಮೇಲೆ ಇದನ್ನ ಬಿಚ್ಚಿ ಹೊಸದಾಗಿ ಹಾಕ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಕಾಯ್ತಿ ಆ ಹೂವೇ ಮೇಲೆ ಕಾಣುವಂತೆ ಹೊದಿಕೆಯನ್ನು ಮಡಿಸಿದಳು.

"ಬೇಡ," ಎಂದಳು. "ಅದಕ್ಕೆ ಕೈ ಹಚ್ಚಬೇಡ."