ಗೆರಾಸಿಮನ ಬಾಯಾರಿಕೆ

ಗೆರಾಸಿಮ್ ಸತ್ತು ಅಂದಿಗೆ ನಲವತ್ತನೇ ದಿನ. ಮೊಲ್ಡೋವಾದ ಆ ಹಳ್ಳಿಯಲ್ಲಿ ಸತ್ತವರ ಹೆಸರಲ್ಲಿ ಏನು ದಾನ ಕೊಟ್ಟರೂ ಅದು ಆಚೆ ಲೋಕದಲ್ಲಿ ಅವರ ಕೈ ಸೇರುತ್ತದೆ. ಬ್ರೆಡ್ಡು ಕೊಟ್ಟರೆ ಬ್ರೆಡ್ಡು, ವೈನು ಕೊಟ್ಟರೆ ವೈನು. ಅದಕ್ಕೇ ಅವನ ಹೆಂಡತಿ, ಮುದುಕಿ ದೋಕಿತ್ಸಾ, ಬೆಳಗಿನಿಂದ ಬಟ್ಟಲುಗಳಿಗೆ ವೈನು ತುಂಬಿ, ಪಕ್ಕದಲ್ಲಿ ಮೇಣದಬತ್ತಿ ಇಡುತ್ತಿದ್ದಳು. ಗಂಡನ ಸ್ವಂತ ಬಟ್ಟಲು, ಅಂಚು ಒಡೆದದ್ದು, ಮಗ ಟ್ರಿಫಾನನ ಪಾಲಿಗಿತ್ತು.

ಅದನ್ನು ಕಂಡು ಸೊಸೆ ಅನಿಸಿಯಾ ಕೈಯ ಕೆಲಸ ಬಿಟ್ಟು ಓಡಿ ಬಂದಳು. ಟ್ರಿಫಾನ್ ಕುಡಿತ ಬಿಟ್ಟು ಒಂದು ಚಳಿಗಾಲ ಕಳೆದಿತ್ತಷ್ಟೆ. ಅವನು ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದಾಗ ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: ಇನ್ನೊಮ್ಮೆ ಶುರು ಮಾಡಿದರೆ ಮನೆಗಲ್ಲ, ಮಣ್ಣಿಗೇ ಒಯ್ಯಬೇಕಾಗುತ್ತದೆ.

"ಅತ್ತೆ, ಅವರೊಬ್ಬರಿಗೆ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದು ಬಟ್ಟಲಿಗೆ ಯಾರೂ ಸಾಯಲ್ಲ ಕಣೇ. ನಿಮ್ಮ ಮಾವ ದಿನಾ ಕನಸಲ್ಲಿ ಬಂದು ಬಾಯಾರಿಕೆ ಅಂತಾರೆ. ಮಗನ ಕೈಯಿಂದ ಹೋಗದೆ ಇನ್ಯಾರ ಕೈಯಿಂದ ಹೋಗ್ಬೇಕು?"

"ಮಾವ ಸತ್ತಿದ್ದೇ ಅದರಿಂದಲ್ವಾ?"

"ಅದಕ್ಕೇ ಮತ್ತೆ! ಚಟ ಹತ್ತಿದ ಜೀವ, ಅಲ್ಲಿ ಹೆಂಗೆ ತಡ್ಕೊಂಡೀತು?"

ಮುದುಕಿ ಕೆಟ್ಟವಳಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು. ಅತ್ತೆ ಪಾದ್ರಿಯನ್ನು ಎದುರುಗೊಳ್ಳಲು ಹೋದದ್ದೇ ತಡ, ಅನಿಸಿಯಾ ಒಡೆದಂಚಿನ ಬಟ್ಟಲನ್ನು ಬರಿದು ಮಾಡಿ ಚೆರ್ರಿ ಹಣ್ಣಿನ ಪಾನಕ ತುಂಬಿದಳು. ಬಣ್ಣ ಅದೇ ಕೆಂಪು.

ಊಟದ ಹೊತ್ತಿಗೆ ತಾಯಿ ಬಟ್ಟಲು ಕೊಟ್ಟಳು. ಟ್ರಿಫಾನ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸತ್ತವನ ಪಾಲೆಂದು ಎರಡು ಹನಿ ನೆಲಕ್ಕೆ ಚೆಲ್ಲಿ, "ದೇವರು ಅಪ್ಪನ್ನ ಕ್ಷಮಿಸ್ಲಿ" ಎಂದು ಗಟಗಟ ಕುಡಿದ. ಕುಡಿದವನು ಹೆಂಡತಿಯತ್ತ ನೋಡಿದ. ಆ ಕಣ್ಣಲ್ಲಿ ಕೃತಜ್ಞತೆ ಇದೆಯೆಂದೇ ಅವಳು ತಿಳಿದಳು, ಹೊಟ್ಟೆಗೆ ಹಾಲೆರೆದಂತಾಯಿತು.

ಪಾಪ, ಅದು ಕೃತಜ್ಞತೆಯಲ್ಲ. ಅವನೂ ಬೆಳಗಿನಿಂದ ಆ ಒಂದು ಬಟ್ಟಲು ವೈನಿಗೇ ಕಾದಿದ್ದ.

ನೆಂಟರು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ದೋಕಿತ್ಸಾಗೆ ಬಟ್ಟಲ ತಳದಲ್ಲಿ ಚೆರ್ರಿಯ ಸಿಪ್ಪೆ ಸಿಕ್ಕಿತು. "ನನ್ನ ಗಂಡನಿಗೆ ನೀರಡಿಕೆ ಉಳಿಸಿದ್ಯಲ್ಲೇ, ಪಾಪಿ!" ಎಂದು ಎದೆ ಬಡಿದುಕೊಂಡು ಅತ್ತಳು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಮನೆಯಲ್ಲಿ ತಾಯಿಯೂ ಇಲ್ಲ, ಮಗನೂ ಇಲ್ಲ. ಅನಿಸಿಯಾ ಹೆದರಿ, ವೈನಿನ ಪೀಪಾಯಿ ಇದ್ದ ನೆಲಮಾಳಿಗೆಗೆ ಓಡಿದಳು.

ಪೀಪಾಯಿಯ ಪಕ್ಕ ಟ್ರಿಫಾನ್ ಕುಕ್ಕರುಗಾಲಲ್ಲಿ ಕೂತು ಅದೇ ಒಡೆದಂಚಿನ ಬಟ್ಟಲಲ್ಲಿ ಕುಡಿಯುತ್ತಿದ್ದ. ತಾಯಿ ತಲೆ ಸವರುತ್ತಿದ್ದಳು. "ಅಪ್ಪನಿಗೆ ತಲುಪ್ತು ಮಗಾ. ಸಾಕು, ಬಟ್ಟಲು ಕೊಡು."

"ಇನ್ನೊಂದು ಹಾಕಮ್ಮಾ."

"ಒಂದೇ ಅಂದಿದ್ನಲ್ಲೋ..."

"ಹಾಕು ಅಂದ್ರೆ!" ಎಂದು ಅವಳನ್ನು ತಳ್ಳಿದ. ಮುದುಕಿ ಗೋಡೆಗೆ ಬಡಿದು ಕುಸಿದಳು.

ಅನಿಸಿಯಾ ಪೀಪಾಯಿಯ ಬಿರಡೆ ಕಿತ್ತೆಸೆದಳು. ವೈನು ಭರ್ರೆಂದು ಮಣ್ಣಿನ ನೆಲಕ್ಕೆ ಸುರಿಯಿತು. "ಹೋಗ್ಲಿ! ಎಲ್ಲಾ ಮಾವನಿಗೇ ಹೋಗ್ಲಿ!"

ಟ್ರಿಫಾನ್ ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಂಬೆಗಾಲಿಕ್ಕಿ ನೆಲಕ್ಕೆ ಬಾಯಿ ಹಚ್ಚಿದ. ಮೀಸೆಗೆ, ಮೂಗಿಗೆ ಕೆಸರು ಮೆತ್ತಿತು, ಹೀರುವುದು ನಿಲ್ಲಲಿಲ್ಲ. ಮುದುಕಿ ಕಣ್ಣು ಮುಚ್ಚಿಕೊಂಡು "ಬೇಡ ಮಗಾ, ಬೇಡ" ಎನ್ನುತ್ತಿದ್ದಳು.

ಅನಿಸಿಯಾಗೆ ನೋಡಲಾಗಲಿಲ್ಲ. ಒಡೆದಂಚಿನ ಬಟ್ಟಲನ್ನು ಎತ್ತಿಕೊಂಡು ಪೀಪಾಯಿಗೆ ಹಿಡಿದು ತುಂಬಿದಳು. ಗಂಡನ ಮುಖವನ್ನು ತಲೆಯ ವಸ್ತ್ರದಿಂದ ಒರೆಸಿ, ತನ್ನ ಕೈಯಾರೆ ಬಟ್ಟಲನ್ನು ಅವನ ಬಾಯಿಗೆ ಹಿಡಿದಳು.

"ಮಣ್ಣು ತಿನ್ಬೇಡಿ," ಎಂದಳು. "ತಗೊಳ್ಳಿ."