ಕೂರಿಗೆಯ ಹಿಂದಿನ ಹಲಗೆ

ಶರಫುದ್ದೀನ ಟ್ರ್ಯಾಕ್ಟರಿನಿಂದ ಜಿಗಿದು ಸಾಲಿನೊಳಗೆ ಬೆರಳು ಇಳಿಸಿದ. ಉಗುರು ಮುಳುಗುವ ಮೊದಲೇ ಜೋಳದ ಕಾಳು ಸಿಕ್ಕಿತು. ಒಣ ಮಣ್ಣಿನಲ್ಲಿ ಬಿದ್ದಿತ್ತು. ಹಸಿ ಇನ್ನೂ ಕೆಳಗಿತ್ತು. ಬೆರಳನ್ನು ಗೆಣ್ಣಿನವರೆಗೆ ತಳ್ಳಿದಾಗ ತಣ್ಣಗೆ ತಾಗಿತು. ಕಾಳನ್ನು ಅಲ್ಲಿಗೆ ಒತ್ತಿ, ಮುಚ್ಚಿ, ಮುಂದಿನದನ್ನು ಹುಡುಕಿದ. ಆಮೇಲೆ ಇಡೀ ಹೊಲದ ಕಡೆ ನೋಡಿ ಕೈ ಒರೆಸಿಕೊಂಡ.

ಕೂರಿಗೆಯ ಹಿಂದಿನ ಹಲಗೆಯ ಮೇಲೆ ಮಣ್ಣು ತುಂಬಿದ ಚೀಲ ಒಂದು ಕಡೆಗೆ ವಾಲಿತ್ತು. ಹೋದ ವರ್ಷ ಅಲ್ಲಿ ಅವನ ಹೆಂಡತಿ ಜೀನತ ನಿಲ್ಲುತ್ತಿದ್ದಳು. ಆಕೆ ನಿಂತರೆ ಸಾಲು ಕೊರೆಯುವ ಕುಳಗಳು ಸರಿಯಾಗಿ ಹಸಿಗೆ ಇಳಿಯುತ್ತಿದ್ದವು. ಪ್ರತಿ ಕುಳದ ಮೇಲಿನ ಸ್ಪ್ರಿಂಗನ್ನು ಅವನು ಬಿಗಿ ಮಾಡಿದ್ದು ಆಕೆಯ ತೂಕವನ್ನು ಲೆಕ್ಕಕ್ಕೆ ಹಿಡಿದೇ. ಕೊಳವೆಯಲ್ಲಿ ಬೀಜ ಕಟ್ಟಿಕೊಂಡರೆ ಬೀಜದ ಡಬ್ಬಿಯ ಮುಚ್ಚಳ ಬಡಿದು ಅವನನ್ನು ನಿಲ್ಲಿಸುತ್ತಿದ್ದಳು. ತಿರುವಿನಲ್ಲಿ ತಾನಾಗಿಯೇ ಇನ್ನೊಂದು ಮಗ್ಗುಲಿಗೆ ಸರಿಯುತ್ತಿದ್ದಳು. ಚೀಲ ಎರಡನ್ನೂ ಮಾಡುವುದಿಲ್ಲ. ಬೆಳಗಿನಿಂದ ಅವನು ಆ ಬಡಿತ ಕೇಳಿದಂತಾಗಿ ಹಿಂತಿರುಗಿ ನೋಡುತ್ತಲೇ ಇದ್ದ.

ಬಕ್ರೀದಿಗೆಂದು ಮಾದನಹಿಪ್ಪರಗಾದ ತವರಿಗೆ ಹೋದವಳು ಮರಳಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಗುವಷ್ಟು ಮಾತೂ ಆಗಿರಲಿಲ್ಲ. ಫೋನು ಹಚ್ಚಿದರೆ ಅವಳ ತಾಯಿ ಎತ್ತುತ್ತಿದ್ದಳು. ನಮಾಜಿಗೆ ಕೂತಿದ್ದಾಳೆ, ಬಾಜೂ ಮನೆಗೆ ಹೋಗಿದ್ದಾಳೆ, ಮಲಗಿದ್ದಾಳೆ.

ಬದುವಿನ ಮೇಲೆ ಮಾಳಿಂಗ ಬಂದು ನಿಂತ. ಪಕ್ಕದ ಹೊಲದವನು. ನಾಳೆ ಇದೇ ಕೂರಿಗೆ ಅವನ ಹೊಲಕ್ಕೆ ಹೋಗಬೇಕಿತ್ತು.

"ಏನಲೇ ಶರಪು, ಇಜೇರಿ ಊರ ಹಕ್ಕಿಗೋಳಿಗೆಲ್ಲ ಊಟಕ್ಕ ಕರ್ದಿಯೇನು?"

"ಚೀಲ ಹಗರ ಆಗ್ಯಾದಣ್ಣ. ಇನ್ನೊಂದು ಹಾಕ್ತೇನಿ."

"ಚೀಲ ಯಾಕ, ನಾ ನಿಂದರ್ತೇನಿ ತಗೋ. ಈ ಹೊಟ್ಟಿ ನೋಡು. ಬೀಜ ಸೀದಾ ಪಾತಾಳಕ್ಕ ಹೋಗ್ತಾವ."

ಶರಫುದ್ದೀನ ನಕ್ಕ. ನಗು ಬೇಗ ಮುಗಿಯಿತು.

ಮಾಳಿಂಗ ಹೊಲಕ್ಕಿಳಿದು ತಾನೂ ಸಾಲಿಗೆ ಬೆರಳಿಟ್ಟು ನೋಡಿದ. "ಗಾಳಿ ಹೆಂಗ ಬೀಸಾಕತ್ತದ ನೋಡು. ನಾಳಿಗೆ ಈ ಹಸಿನೂ ಆರ್ತದ. ನಿಂದೂ ಹೋತು, ನಂದೂ ಹೋತು. ಸ್ಪ್ರಿಂಗ್ ಯಾಕ ಬಿಗಿ ಮಾಡವಲ್ಲಿ?"

"ಆಕಿ ನಿಂತ್ರ ಇಷ್ಟ ಬಿಗಿ ಸಾಕು."

"ಆಕಿ ಎಲ್ಲಿ ನಿಂತಾಳೋ?"

ಶರಫುದ್ದೀನ ಚೀಲವನ್ನು ಹಲಗೆಯ ನಡುವಿಗೆ ಎಳೆದ. ಅದು ಮತ್ತೆ ವಾಲಿತು. "ಈಗ ಬಿಗಿ ಮಾಡಿದ್ರ, ಆಕಿ ಬಂದು ನಿಂತಾಗ ಬೀಜ ಭಾಳ ಆಳಕ್ಕ ಹೋಗ್ತಾವ. ಮೊಳಕಿ ಮ್ಯಾಲ ಬರಂಗಿಲ್ಲ."

"ಬಂದ್ರ ಸಡ್ಲ ಮಾಡಿದ್ರಾತು. ನಟ್ಟು ತಿರುವೂದು ಅದ, ಬ್ಯಾರೆ ಏನದ?"

ಬೆಳಿಗ್ಗೆ ಶರಫುದ್ದೀನನೂ ಅದನ್ನೇ ಅಂದುಕೊಂಡಿದ್ದ. ಮೊದಲ ನಟ್ಟಿಗೆ ಪಾನಾ ಕಚ್ಚಿಸಿ ಕೂತವನು, ತಿರುಗಿಸದೆ ಎದ್ದು, ಮಣ್ಣು ತುಂಬಲು ಚೀಲ ಹುಡುಕಿದ್ದ.

ಆ ಪಾನಾ ಇನ್ನೂ ಹಲಗೆಯ ಮೇಲೇ ಇತ್ತು. ಮಾಳಿಂಗ ಅದನ್ನು ತೆಗೆದುಕೊಂಡು ಕೂರಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತ. ನಟ್ಟಿಗೆ ಹಿಡಿಸಿ ತಲೆಯೆತ್ತಿದ. ಅವನ ದನಿ ತಗ್ಗಿತ್ತು.

"ನೀ ಹೋಗಿ ಟ್ರ್ಯಾಕ್ಟರ್ ಮ್ಯಾಲ ಕುಂದ್ರು. ಈ ಕಡೀ ನೋಡಬ್ಯಾಡ. ಎಲ್ಲಾ ನಾ ತಿರುವತೇನಿ. ತಿರುವ್ಲೇನು?"

"ಬ್ಯಾಡ," ಎಂದ ಶರಫುದ್ದೀನ.