ಮಾವಿಸ್ ಒಲೆ ಹಚ್ಚಿದ ಚಳಿಗಾಲ

ಇಂಗ್ಲೆಂಡಿನ ಕಡಲತೀರದ ನಮ್ಮೂರು ಗ್ರಿಮ್ಸ್‌ಬಿಯಲ್ಲಿ ಮೀನಿಗೆ ಎಂದೂ ಬರವಿಲ್ಲ. ಐಸ್‌ಲ್ಯಾಂಡಿನ ಕಡೆಯಿಂದ ಬರುವ ಮೀನನ್ನು ಕಾರ್ಖಾನೆಯಲ್ಲಿ ಸೀಳುವವಳು ನಾನೇ. ಅದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಂಡನ್ನಿನ ಹೋಟೆಲುಗಳಿಗೆ ಹೋಗುತ್ತದೆ, ನಾನು ಮನೆಗೆ ಬಂದು ಬ್ರೆಡ್ಡು ತಿನ್ನುತ್ತೇನೆ. ಆ ಚಳಿಗಾಲದಲ್ಲಿ ಅದನ್ನೂ ತಣ್ಣಗೇ ತಿನ್ನುತ್ತಿದ್ದೆ. ನಮ್ಮ ಬೀದಿಯ ಮನೆಗಳಲ್ಲಿ ಗ್ಯಾಸಿನ ಮೀಟರಿಗೆ ಮೊದಲೇ ದುಡ್ಡು ತುಂಬಿಸಬೇಕು. ತುಂಬಿಸದಿದ್ದರೆ ಒಲೆ ತಾನಾಗಿ ಆರುತ್ತದೆ. ಯಾರೂ ಬಂದು ಆರಿಸುವುದಿಲ್ಲವಾದ್ದರಿಂದ ಜಗಳವಾಡಲೂ ಎದುರಿಗೆ ಒಬ್ಬರಿರುವುದಿಲ್ಲ.

ಮಾವಿಸ್ ಬರ್ಕಿಟ್ ನಮ್ಮ ಬೀದಿಯ ಮೂಲೆಯಲ್ಲಿ ಗಂಡನ ಜತೆ ಮೀನು-ಚಿಪ್ಸ್ ಅಂಗಡಿ ನಡೆಸುತ್ತಿದ್ದವಳು. ಗಂಡ ತೀರಿಕೊಂಡ, ಎಣ್ಣೆಯ ದರ, ಗ್ಯಾಸಿನ ದರ ಏರಿ ಅಂಗಡಿಯೂ ಮುಚ್ಚಿತು. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ವಾರಕ್ಕೊಮ್ಮೆ ಚರ್ಚಿನ ಹಾಲ್‌ನಲ್ಲಿ ಇಲ್ಲದವರಿಗೆ ದಿನಸಿಯ ಚೀಲ ಹಂಚಲು ಹೋಗುತ್ತಿದ್ದಳು. ಒಂದು ದಿನ ಲಿಯಾನ್ ಎಂಬ ಹುಡುಗಿ, ಸೊಂಟದಲ್ಲಿ ಕೂಸು ಹೊತ್ತವಳು, ಚೀಲ ಬಿಚ್ಚಿ ಅಕ್ಕಿ, ಆಲೂಗಡ್ಡೆ ಎಲ್ಲವನ್ನೂ ಮೇಜಿನ ಮೇಲೆ ವಾಪಸ್ಸಿಟ್ಟಳು.

"ಬೇಯಿಸೋದೇನೂ ಬೇಡ ಮಾವಿಸ್. ಹಾಗೇ ತಿನ್ನೋದಿದ್ರೆ ಕೊಡಿ."

"ಯಾಕೆ ಪುಟ್ಟಾ?"

"ಮೀಟರಲ್ಲಿ ದುಡ್ಡಿಲ್ಲ."

ಮಾವಿಸ್ ಬಿಸ್ಕತ್ತು, ಡಬ್ಬಿಯ ಹಣ್ಣು ತುಂಬಿಕೊಟ್ಟಳು. ಮನೆಗೆ ಹೋದವಳು ಕೋಟನ್ನೂ ಬಿಚ್ಚದೆ ಅಂಗಡಿಯ ಬಾಗಿಲು ತೆರೆದು ದೊಡ್ಡ ಒಲೆಯ ಜಿಡ್ಡು ಕೆರೆಯಲು ಕೂತಳಂತೆ. ಮರುದಿನ ಕಿಟಕಿಗೆ ಒಂದು ರಟ್ಟು ಅಂಟಿತ್ತು: 'ಒಲೆ ಉರೀತಿದೆ. ನಿಮ್ಮ ಪಾತ್ರೆ ತನ್ನಿ.'

ಯಾರೂ ಹೋಗಲಿಲ್ಲ. ಪಾತ್ರೆ ಹಿಡಿದು ಬೀದಿಯಲ್ಲಿ ನಡೆದರೆ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಡಂಗುರ ಹೊಡೆದ ಹಾಗೆ. ನಾನೂ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮಾವಿಸ್ ಎರಡು ದಿನ ಕಾದಳು. ಆಮೇಲೆ ಬಾಗಿಲು ಹಾರುಹೊಡೆದು, ದನದ ಕೊಬ್ಬು ಕಾಯಿಸಿ, ಈರುಳ್ಳಿ ಹುರಿಯಲು ಶುರುಮಾಡಿದಳು. ಮುಚ್ಚಳವಿಲ್ಲ, ಅವಸರವಿಲ್ಲ. ಸಮುದ್ರದ ಗಾಳಿ ಆ ಘಮವನ್ನು ಮನೆಮನೆಗೂ ಹೊತ್ತು ತಂದಿತು. ಮಾನಕ್ಕೆ ಮೂಗಿಲ್ಲ, ಆದರೆ ಹಸಿವಿಗಿದೆ. ನಾನು ನನ್ನ ಪಾತ್ರೆ ಎತ್ತಿಕೊಂಡೆ. ರಸ್ತೆಗಿಳಿದರೆ ಆಚೆ ಬಾಗಿಲಿಂದ ಲಿಯಾನ್ ಕೂಸಿನ ಸಮೇತ ಇಳಿಯುತ್ತಿದ್ದಾಳೆ. ಇಬ್ಬರೂ ನಕ್ಕೆವು.

"ಇಷ್ಟು ಹೊತ್ತು ಬೇಕಾಯ್ತಾ? ನನ್ನ ಈರುಳ್ಳಿ ಎಲ್ಲಾ ಖಾಲಿ ಆಯ್ತು," ಎಂದಳು ಮಾವಿಸ್.

ವಾರ ಕಳೆಯುವುದರೊಳಗೆ ಅಂಗಡಿ ತುಂಬಿತು. ಒಬ್ಬರ ಅಕ್ಕಿ, ಇನ್ನೊಬ್ಬರ ಬಟಾಣಿ, ಮತ್ತೊಬ್ಬರ ಡಬ್ಬಿಯ ಮಾಂಸ. ಬೇರೆಬೇರೆ ಬೇಯುತ್ತಿದ್ದದ್ದು ಕ್ರಮೇಣ ಒಂದೇ ಹಂಡೆಗೆ ಬಿತ್ತು. ಯಾರು ಏನು ತಂದರೆಂದು ಮಾವಿಸ್ ನೋಡುತ್ತಿರಲಿಲ್ಲ. ಬರಿಗೈಯಲ್ಲಿ ಬಂದವರಿಗೆ, "ಸ್ವಲ್ಪ ಈ ಹಂಡೆ ತಿರುಗ್ಸು, ನನ್ನ ತೋಳು ಬಿದ್ದುಹೋಗ್ತಿದೆ," ಎನ್ನುತ್ತಿದ್ದಳು. ಅವಳ ತೋಳಿಗೆ ಏನೂ ಆಗಿರಲಿಲ್ಲ.

ಬಾರದೇ ಉಳಿದವನು ಎದುರು ಮನೆಯ ಸ್ಟ್ಯಾನ್ ಗ್ರೈಸ್ ಒಬ್ಬನೇ. ಪ್ರಾಯದಲ್ಲಿ ಮೀನಿನ ಹಡಗುಗಳಲ್ಲಿ ಅಡುಗೆ ಮಾಡಿದವನು. ಈಗ ಅವನ ಕೋಟು ಮೊಳೆಗೆ ನೇತುಹಾಕಿದ ಹಾಗೆ ಮೈಮೇಲೆ ಜೋಲುತ್ತಿತ್ತು. ಮಾವಿಸ್ ಒಮ್ಮೆ ಲಿಯಾನ್ ಕೈಲಿ ತಟ್ಟೆ ಕಳಿಸಿದ್ದನ್ನು ಮುಟ್ಟದೆ ಹಿಂದಿರುಗಿಸಿ, "ಭಿಕ್ಷೆ ತಿನ್ನೋಷ್ಟು ಕೆಟ್ಟಿಲ್ಲ ಅಂತ ಹೇಳು," ಎಂದಿದ್ದ.

ಫೆಬ್ರುವರಿಯಲ್ಲಿ ಗ್ಯಾಸಿನವರು ಬಂದು, ಬಿಲ್ಲು ಬಾಕಿಯಿದೆಯೆಂದು ಅಂಗಡಿಯ ಸಂಪರ್ಕ ಕತ್ತರಿಸಿದರು. ಅಷ್ಟು ದಿನ ಆ ಒಲೆ ಮಾವಿಸಳ ಪಿಂಚಣಿಯಲ್ಲೇ ಉರಿದಿತ್ತೆಂದು ನಮಗೆ ಗೊತ್ತಾದದ್ದು ಆಗಲೇ. ಜನ ಪಾತ್ರೆ ಹಿಡಿದು ಹಿಮದಲ್ಲಿ ನಿಂತಿದ್ದರು. ಮಾವಿಸ್ ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಸುಮ್ಮನಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸ್ಟ್ಯಾನ್ ರಸ್ತೆ ದಾಟಿ ಬಂದ. "ಏನು, ಎಲ್ಲಾ ಹೆಣ ಕಾಯೋರ ಹಾಗೆ ನಿಂತಿದ್ದೀರಿ?"

"ಗ್ಯಾಸ್ ಕಿತ್ತಾಕಿದ್ರು ಸ್ಟ್ಯಾನ್," ಎಂದಳು ಲಿಯಾನ್.

"ಅದಕ್ಕೆ ಅಡುಗೆ ಇಲ್ವಾ? ಹಡಗಲ್ಲಿ ನನಗೆ ಯಾವ ಮಾವ ಗ್ಯಾಸ್ ಕೊಡಿಸಿದ್ದ?"

"ಬಾಯಲ್ಲಿ ಬೆಂಕಿ ಇದ್ರೆ ಸಾಲ್ದು. ಒಲೇಲಿ ಬೇಕು," ಎಂದಳು ಮಾವಿಸ್.

ಅವನು ನಾಲ್ಕು ಜನರನ್ನು ಕರೆದುಕೊಂಡು ಬಂದರಿನ ಕಡೆ ಹೋದ. ಬರುವಾಗ ತುಕ್ಕು ಹಿಡಿದ ಒಂದು ಪೀಪಾಯಿ, ಹೊರುವಷ್ಟು ಮುರುಕು ಹಲಗೆ ಇತ್ತು. ಪೀಪಾಯಿಗೆ ತೂತು ಕೊರೆದು, ಅಂಗಡಿಯ ಹಿತ್ತಲಲ್ಲಿ ಗಾಳಿಗೆ ಬೆನ್ನುಕೊಟ್ಟು ನಿಲ್ಲಿಸಿ, ಬೆಂಕಿ ಹೊತ್ತಿಸಿದ. ಹಂಡೆ ಏರಿತು. "ಏಯ್, ಅಷ್ಟು ದಪ್ಪ ಹೆಚ್ಚಿದ್ರೆ ಈಸ್ಟರಿಗೆ ಬೇಯುತ್ತೆ," ಎಂದು ಎಲ್ಲರನ್ನೂ ಬೈದು ಕೆಲಸ ಮಾಡಿಸಿದ. ಕತ್ತಲಾಗುವ ಮೊದಲೇ ಎಲ್ಲರ ಕೈಯಲ್ಲೂ ಹಬೆಯಾಡುವ ಬಟ್ಟಲಿತ್ತು, ಅವನ ಕೈಯಲ್ಲಿ ಮಾತ್ರ ಸೌಟು.

"ಉಪ್ಪು ನೋಡಿದ್ಯಾ?" ಎಂದಳು ಮಾವಿಸ್.

"ಅಡುಗೆಯವನು ಕೊನೇಗೆ ತಿನ್ನೋದು."

"ತಿನ್ನು ಅಂದೆನಾ? ಉಪ್ಪು ನೋಡು ಅಂದೆ. ನೆಗಡಿಯಾಗಿ ನನ್ನ ನಾಲಗೆ ಸತ್ತಿದೆ."

ಅವನು ಸೌಟಿನ ತುದಿಯಿಂದ ನೋಡಿದ. ಸರಿಯಿದೆ ಎಂದ. ಹಂಡೆಯ ತಳದ್ದು ಬೇರೆ ಇರುತ್ತೆ ಎಂದು ಅವಳು ಬಟ್ಟಲಲ್ಲಿ ತುಂಬಿಕೊಟ್ಟಳು. ಸ್ಟ್ಯಾನ್ ಗೋಡೆಯ ಕಡೆ ತಿರುಗಿ ನಿಂತ. ಚಮಚ ಬಟ್ಟಲಿಗೆ ತಾಗುವ ಸದ್ದು ಬೇಗಬೇಗ ಕೇಳುತ್ತಿತ್ತು. ಆ ಬೆನ್ನು ಅಲುಗುತ್ತಿದ್ದುದನ್ನು ಕಂಡು ನಾವೆಲ್ಲ ಬೆಂಕಿಯನ್ನೇ ನೋಡತೊಡಗಿದೆವು. ಮಾವಿಸ್ ಮಾತ್ರ ಸಲೀಸಾಗಿ, "ಇನ್ನೂ ಗೊತ್ತಾಗ್ಲಿಲ್ವಾ? ಇನ್ನೊಂದ್ಸಲ ನೋಡು," ಎಂದು ಖಾಲಿ ಬಟ್ಟಲಿಗೆ ಮತ್ತೆ ಸುರಿದಳು.

ಹಿತ್ತಲಲ್ಲಿ ಬೆಂಕಿ ಹಾಕಬಾರದೆಂದು ನಗರಸಭೆಯವರು ಹೇಳಿಹೋದರು. ಅಷ್ಟರಲ್ಲಿ ನಾನು ಕಾರ್ಖಾನೆಯ ಹೆಂಗಸರಿಗೆಲ್ಲ ವಿಷಯ ಹೇಳಿದ್ದೆ, ಅವರು ಬಾಕಿಗೆ ದುಡ್ಡು ಕೂಡಿಸಿದರು, ಚರ್ಚಿನವರೂ ಕೈ ಜೋಡಿಸಿದರು. ಮಾರ್ಚಿನಲ್ಲಿ ಗ್ಯಾಸು ಮರಳಿ ಬಂತು. ನಮ್ಮ ಬೀದಿಯ ಹಸಿವು ಓಡಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೀಟರು ಖಾಲಿಯಾಗಿ ಒಲೆಗಳು ಇಂದಿಗೂ ಆರುತ್ತವೆ. ಆದರೆ ಮಧ್ಯಾಹ್ನ ಅಂಗಡಿಯ ಒಲೆ ಹೊತ್ತುತ್ತದೆ. ಸ್ಟ್ಯಾನ್ ಮತ್ತು ಮಾವಿಸ್ ಮೆಣಸಿನಪುಡಿಯ ವಿಚಾರಕ್ಕೆ ದಿನವೂ ಕಿತ್ತಾಡುತ್ತಾರೆ. ಲಿಯಾನ್ ಇಬ್ಬರಿಗೂ ಬೈದು ತನಗೆ ಬೇಕಾದಷ್ಟು ಹಾಕುತ್ತಾಳೆ.

ಮೊನ್ನೆ ಪತ್ರಿಕೆಯವನೊಬ್ಬ ಬಂದು, ಇದನ್ನೆಲ್ಲ ಯಾಕೆ ಮಾಡಿದಿರಿ ಎಂದು ಮಾವಿಸಳನ್ನು ಕೇಳಿದ.

"ಒಲೆ ದೊಡ್ಡದಿತ್ತು," ಎಂದಳು.

ಅವನು ಮುಂದೆ ಇನ್ನೇನಾದರೂ ಹೇಳುವಳೆಂದು ಪೆನ್ನು ಹಿಡಿದು ಕಾದ. ಅವಳು ಅವನ ಕೈಗೆ ಪಾತ್ರೆ ಒರೆಸುವ ಬಟ್ಟೆ ಕೊಟ್ಟಳು.